ಎರೆ ಮಣ್ಣಿನ ಊರಲ್ಲಿ ಮಕ್ಕಳಿಗೆ ಕಬಡ್ಡಿ, ಖೋ ಖೋ ಅಂಕಣ: 70 ಸಾವಿರದಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಸಂಜೆಬಯಲು (ಪ್ರಶ್ನೆ ಕೇಳಿದವರು):

ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕು, ಪೂರ್ತಿ ಎರೆ ಸೀಮೆ. ಶಾಲೆ ಹಿಂದೆ ಗ್ರಾಮ ಪಂಚಾಯ್ತಿಯ 20 ಗುಂಟೆ ಜಾಗ ಖಾಲಿ ಬಿದ್ದಿದೆ, ಹೆಚ್ಚುಕಡಿಮೆ 45 ಮೀಟರ್ ಚೌಕ. ಯುವಕ ಸಂಘದ ಹತ್ತಿರ 70 ಸಾವಿರ ರೂಪಾಯಿ ಇದೆ. ಟ್ರ್ಯಾಕ್ಟರ್ ಇರೋ ಇಬ್ಬರು ಡೀಸೆಲ್ ಹಾಕಿಸಿದರೆ ಸಾಕು ಅಂದಿದ್ದಾರೆ. 10ರಿಂದ 17 ವಯಸ್ಸಿನ ಸುಮಾರು 60 ಮಕ್ಕಳಿದ್ದಾರೆ, ಅದರಲ್ಲಿ 25 ಹುಡುಗಿಯರು. ಶಾಲೆ ಬಿಟ್ಟ ಮೇಲೆ ದಿನಾ ಒಂದೂಕಾಲು ಗಂಟೆ ಆಡಿಸಬೇಕು ಅನ್ನೋ ಯೋಜನೆ.

ಗೊತ್ತಾಗಬೇಕಾದದ್ದು ಇಷ್ಟು. ಎರೆ ಮಣ್ಣಿನ ಮೇಲೆ ಅಂಕಣ ಹೇಗೆ ಮಾಡೋದು? ಕೆಲವರು ಕಾಂಕ್ರೀಟ್ ಹಾಕಿಸಿಬಿಡಿ, ಒಂದೇ ಸಲಕ್ಕೆ ಮುಗಿಯುತ್ತೆ ಅಂತಾರೆ. ಎಂಟನೇ ಕ್ಲಾಸಿಗೆ ಬಂದ ಕೂಡಲೇ ಹುಡುಗಿಯರು ಆಟ ಬಿಡ್ತಾರೆ, ಅದಕ್ಕೇನು ಮಾಡೋದು? ಮತ್ತೆ, ಇದರಿಂದ ಮಕ್ಕಳ ಆರೋಗ್ಯ, ಧೈರ್ಯ ಹೆಚ್ಚಾಯ್ತು ಅಂತ ಮುಂದಿನ ವರ್ಷ ಗ್ರಾಮಸಭೆಗೆ ಏನು ತೋರಿಸೋದು?

---

ಟ್ಯೂಬ್‌ಲೆವೆಲ್:

ಕಾಂಕ್ರೀಟ್ ಮಾತು ಇಲ್ಲಿಗೇ ಬಿಡಿ. ಕಬಡ್ಡಿಯಲ್ಲಿ ಹಿಡಿತ ಅಂದರೆ ಬೀಳೋದು. ಮೊಣಕಾಲು, ಮೊಣಕೈ, ತಲೆ ಮೂರೂ ನೆಲಕ್ಕೆ ಹೋಗುತ್ತವೆ. ಅದರ ಮೇಲೆ ಎರೆ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. 4 ಇಂಚಿನ ಕಾಂಕ್ರೀಟು ಎರಡೇ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬಿರುಕಿನ ಅಂಚು ಬ್ಲೇಡಿನ ಹಾಗೆ.

ಮೊದಲು ಜಾಗದ ಲೆಕ್ಕ. ಖೋ ಖೋ ಅಂಕಣ 27×16 ಮೀಟರ್. ಕಬಡ್ಡಿ ಪುರುಷರಿಗೆ 13×10, ಮಹಿಳೆಯರಿಗೆ ಮತ್ತು ಜೂನಿಯರ್‌ಗಳಿಗೆ 12×8. ವಾಲಿಬಾಲ್ 18×9. ಮೂರಕ್ಕೂ ಸುತ್ತ 3 ಮೀಟರ್ ಬಿಟ್ಟರೂ 1,400 ಚದರ ಮೀಟರ್ ಆಸುಪಾಸು. 20 ಗುಂಟೆ ಅಂದರೆ 2,023. ಮೂರೂ ಕೂರುತ್ತವೆ, ಒಂದು ಮೂಲೆ ಉಳಿಯುತ್ತದೆ. ಅಂಕಣದ ಉದ್ದ ಉತ್ತರ-ದಕ್ಷಿಣಕ್ಕಿರಲಿ. ಪೂರ್ವ-ಪಶ್ಚಿಮಕ್ಕೆ ಹಾಕಿದರೆ ಸಂಜೆ ಆಟದಲ್ಲಿ ಒಂದು ಕಡೆಯವರಿಗೆ ಸೂರ್ಯ ನೇರ ಕಣ್ಣಿಗೆ. ವಾಲಿಬಾಲ್‌ನಲ್ಲಿ ಇದು ಗೋಳು.

ಮಣ್ಣಿನ ಖರ್ಚು ಕಬಡ್ಡಿಗೆ ಮಾತ್ರ ಮಾಡಿ. ಉಳಿದೆರಡಕ್ಕೆ ಸದ್ಯಕ್ಕೆ ನೆಲ ಸಮ ಮಾಡಿ, ಕಲ್ಲು, ಜಾಲಿ ಮುಳ್ಳು ಆರಿಸಿದರೆ ಸಾಕು. ಮಳೆ ಬಂದ ಎರಡು ಮೂರು ದಿನ ಅಲ್ಲಿ ಆಟ ಇಲ್ಲ ಅಷ್ಟೆ.

ಕಬಡ್ಡಿಗೆ 13×10 ಅಂಕಣದ ಸುತ್ತ ಒಂದೂವರೆ ಮೀಟರ್ ಸೇರಿಸಿ 16×13, ಅಂದರೆ 208 ಚದರ ಮೀಟರ್ ಹಿಡಿಯಿರಿ. ಅದರಾಚೆ ಇನ್ನೊಂದೂವರೆ ಮೀಟರ್ ಬರಿ ನೆಲವಾದರೂ ಕಲ್ಲು, ಗೂಟ ಇಲ್ಲದೆ ಚೊಕ್ಕಟವಾಗಿರಬೇಕು.

ಎರೆ ಮಣ್ಣನ್ನು 15 ಸೆಂ.ಮೀ. ತೆಗೆಯಿರಿ. ಅದರ ಜಾಗಕ್ಕೆ ಗರಸು (ಹರಳು ಬೆರೆತ ಗಟ್ಟಿ ಮಣ್ಣು) 15 ಸೆಂ.ಮೀ., ಎರಡು ಪದರದಲ್ಲಿ. ಒಂದೇ ಸಲ ಸುರಿದು ರೋಲರ್ ಎಳೆದರೆ ಮೇಲೆ ಗಟ್ಟಿ, ಒಳಗೆ ಪೊಳ್ಳು. ಮೊದಲ ಮಳೆಗೇ ಗುಂಡಿ ಬೀಳುತ್ತದೆ. ಗರಸಿನ ಮೇಲೆ ಕೆಂಪು ಮಣ್ಣು ಮೂರು ಪಾಲು, ಮರಳು ಒಂದು ಪಾಲು ಬೆರೆಸಿ 10 ಸೆಂ.ಮೀ. ಎರಡನ್ನೂ ಜಲ್ಲಡಿ ಹಿಡಿಯಲೇಬೇಕು. ಗರಸನ್ನೇ ಮೇಲ್ಪದರ ಮಾಡಬೇಡಿ, ಅದರ ಹರಳು ಚರ್ಮ ಸುಲಿಯುತ್ತದೆ.

ಸುರಿದ ಮಣ್ಣು ಒತ್ತಿದಾಗ ಕುಗ್ಗುವುದರಿಂದ ಕಾಲು ಪಾಲು ಹೆಚ್ಚು ತರಬೇಕು. ಟ್ರೇಲರ್ ಒಂದಕ್ಕೆ 100 ಘನ ಅಡಿ ಹಿಡಿದರೆ ಗರಸು 14 ಟ್ರಿಪ್, ಕೆಂಪು ಮಣ್ಣು 7, ಮರಳು ಎರಡೂವರೆ. ಕೆಂಪು ಮಣ್ಣು ದೂರದಿಂದ ಬರಬೇಕಾದರೆ ನಿಮ್ಮ ದುಡ್ಡಿನ ದೊಡ್ಡ ಪಾಲು ತಿನ್ನುವುದು ಅದೇ. ಕೊಳ್ಳುವ ಮುಂಚೆ ಒಂದು ಬಾಟಲಿಯಲ್ಲಿ ಮೂರನೇ ಒಂದು ಭಾಗ ಆ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಒಂದು ದಿನ ಇಡಿ. ತಳದಲ್ಲಿ ಮರಳು, ನಡುವೆ ಹೂಳು, ಮೇಲೆ ಜೇಡಿ ಕೂರುತ್ತದೆ. ಜೇಡಿ ಪದರ ಅರ್ಧಕ್ಕಿಂತ ಹೆಚ್ಚಿದ್ದರೆ ಆ ಮಣ್ಣೂ ಬಿರಿಯುತ್ತದೆ; ಮರಳು ಜಾಸ್ತಿ ಮಾಡಿ ಅಥವಾ ಬೇರೆ ಕಡೆ ನೋಡಿ.

ರೋಲರ್ ಯಾವಾಗ ಎಳೆಯೋದು? ಹಿಂದಿನ ಸಂಜೆ ನೀರು ಹಾಯಿಸಿ. ಬೆಳಿಗ್ಗೆ ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ. ಎರಡು ಮೂರು ಹೋಳಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು. ಪಚ್ಚೆಂದು ಅಂಟಿಕೊಂಡರೆ ಇನ್ನೂ ಅರ್ಧ ದಿನ ಕಾಯಿರಿ, ಇಲ್ಲದಿದ್ದರೆ ಮಣ್ಣೆಲ್ಲ ರೋಲರಿಗೇ ಸುತ್ತಿಕೊಳ್ಳುತ್ತದೆ.

ಇಳಿಜಾರು ಮರೆಯಬೇಡಿ. ಉದ್ದಕ್ಕೂ ನಡುವಿನ ಗೆರೆ ಎತ್ತರ, ಎರಡೂ ಪಕ್ಕಕ್ಕೆ ಮೀಟರಿಗೆ 1 ಸೆಂ.ಮೀ. ಇಳಿತ. ಗಾರೆಯವರ ಟ್ಯೂಬ್ ಲೆವೆಲ್ ಸಾಕು. ಅಂಕಣ ಸುತ್ತಲಿನ ನೆಲಕ್ಕಿಂತ 10 ಸೆಂ.ಮೀ. ಮೇಲೆ ನಿಲ್ಲುತ್ತದೆ, ಆ ಅಂಚು ಮೆಟ್ಟಿಲಿನಂತೆ ಇರದೆ ಸವೆಸಿದ ಹಾಗಿರಲಿ. ಇಲ್ಲದಿದ್ದರೆ ಹಿಂದೆ ಸರಿಯುವ ಹುಡುಗ ಅಲ್ಲೇ ಕಾಲು ಹೊರಳಿಸಿಕೊಳ್ಳುತ್ತಾನೆ.

ಗೆರೆ ಹಾಕುವಾಗ ಮೂಲೆಯಿಂದ ಮೂಲೆಗೆ ಅಳೆಯಿರಿ. 12×8 ಅಂಕಣಕ್ಕೆ ಎರಡೂ ಕರ್ಣ 14.42 ಮೀಟರ್ ಬರಬೇಕು, 13×10ಕ್ಕೆ 16.40, ವಾಲಿಬಾಲ್‌ಗೆ 20.12. ಹೊಂದದಿದ್ದರೆ ಅಂಕಣ ಸೊಟ್ಟ.

---

ಎರಡನೇ ಸಿಳ್ಳೆ:

ಮೇಲಿನವರು ನೆಲ ಹೇಳಿದರು. ನೆಲ ಎಷ್ಟೇ ಚೆನ್ನಾಗಿದ್ದರೂ ಮಕ್ಕಳು ಮೂರನೇ ತಿಂಗಳಿಗೆ ಬಿಟ್ಟುಹೋಗಲು ಕಾರಣ ಬೇರೆಯೇ: ಸರದಿ ಸಿಗುವುದಿಲ್ಲ. ಕಬಡ್ಡಿಯಲ್ಲಿ ಔಟಾದವರು ಕೂರುತ್ತಾರೆ. ಯಾರು ಮೊದಲು ಔಟಾಗೋದು? ಆಟ ಬರದವರು. ಅಂದರೆ ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಹೆಚ್ಚು ಹೊತ್ತು ಕೂತಿರುತ್ತಾರೆ. ಖೋ ಖೋದಲ್ಲೂ ಇದೇ ಪಾಡು. ಎಂಟು ಜನ ಕೂತು ಒಬ್ಬರು ಓಡುತ್ತಾರೆ, ನಿಧಾನ ಇರುವವರಿಗೆ ಯಾರೂ ಖೋ ಕೊಡುವುದಿಲ್ಲ.

ಅದಕ್ಕೆ ಅಭ್ಯಾಸದ ದಿನಗಳಲ್ಲಿ ನಿಯಮ ಮುರಿಯಿರಿ. ಕಬಡ್ಡಿ 7ರ ಬದಲು 4 ಜನರ ತಂಡ, ಅರ್ಧ ಅಂಕಣ ಅಗಲದಲ್ಲಿ ಎರಡು ಆಟ ಒಟ್ಟಿಗೆ. ಔಟಾದವರು ಹೊರಗೆ ಹತ್ತು ಬಸ್ಕಿ ಹೊಡೆದು ಒಳಗೆ ಬರಲಿ, ಕೂರುವುದೇ ಬೇಡ. ದಾಳಿಗೆ 30 ಸೆಕೆಂಡ್ ಹಾಗೇ ಇರಲಿ, ಆದರೆ ಸರದಿ ಪ್ರಕಾರ ಎಲ್ಲರೂ ರೈಡ್ ಹೋಗಲೇಬೇಕು. ಖೋ ಖೋಗೆ ಅಂಕಣ ಎರಡು ತುಂಡು ಮಾಡಿ, ನಾಲ್ಕು ಜನ ಕೂರಿಸಿ, ಒಂದು ನಿಮಿಷಕ್ಕೊಮ್ಮೆ ಓಡುವವರನ್ನು ಬದಲಿಸಿ. ಈ ಲೆಕ್ಕದಲ್ಲಿ ಒಂದು ಮಗು 75 ನಿಮಿಷದಲ್ಲಿ 40 ನಿಮಿಷವಾದರೂ ನಿಜವಾಗಿ ಓಡುತ್ತದೆ. ಸಾಲಾಗಿ ನಿಲ್ಲಿಸಿ ಆಡಿಸಿದರೆ 10 ನಿಮಿಷವೂ ಇಲ್ಲ. ಗಡಿಯಾರ ಹಿಡಿದು ಒಂದೇ ಮಗುವನ್ನು ಹಿಂಬಾಲಿಸಿ ನೋಡಿ.

75 ನಿಮಿಷದ ಹಂಚಿಕೆ: 10 ನಿಮಿಷ ಮುಟ್ಟಾಟ, ಕುಂಟಾಟ (ಮೈ ಬಿಸಿಯಾಗಲು ಮೈದಾನ ಸುತ್ತಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು), 15 ನಿಮಿಷ ಒಂದೇ ಒಂದು ಕೌಶಲ, 35 ನಿಮಿಷ ಸಣ್ಣ ತಂಡದ ಆಟ, 10 ನಿಮಿಷ ಪೂರ್ಣ ನಿಯಮದ ಆಟ, 5 ನಿಮಿಷ ಮೈ ಸಡಿಲಿಕೆ. ಮೊದಲ ಎರಡು ವಾರ ಕೌಶಲದ ಹೊತ್ತು ಪೂರ್ತಿ ಬೀಳುವುದನ್ನು ಕಲಿಸಿ. ಗಲ್ಲ ಎದೆಗೆ, ಅಂಗೈ ಊರಬಾರದು, ಭುಜದಿಂದ ಉರುಳಬೇಕು. ಮಕ್ಕಳ ಮಣಿಕಟ್ಟು, ಮೊಣಕೈ ಮುರಿಯುವುದು ಹೆಚ್ಚಾಗಿ ಕೈ ಊರಿಯೇ. ಆ್ಯಂಕಲ್ ಹೋಲ್ಡ್ (ಎದುರಾಳಿಯ ಪಾದದ ಗಿಣ್ಣು ಹಿಡಿಯುವುದು) ಆಮೇಲೆ. ಕತ್ತು ಹಿಡಿಯುವುದು, ಬಟ್ಟೆ ಎಳೆಯುವುದು ಮೊದಲ ದಿನದಿಂದಲೇ ಫೌಲ್.

ಧೈರ್ಯದ ವಿಷಯ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳಿ ಅನ್ನುತ್ತೀರಲ್ಲ, ಅದನ್ನು ನಿಲ್ಲಿಸಿ. ಕೊನೆಗೆ ಉಳಿಯುವ ಮಗು ದಿನಾ ಅದೇ ಆಗಿರುತ್ತದೆ, ಊರೆಲ್ಲ ನೋಡುತ್ತಿರುತ್ತದೆ. ಬಣ್ಣದ ರಿಬ್ಬನ್ ಚೀಟಿ ಎತ್ತಿಸಿ. ನಾಯಕತ್ವ ವಾರಕ್ಕೊಬ್ಬರಿಗೆ. ಸಿಳ್ಳೆ, ಅಂಕದ ಪುಸ್ತಕ, ಗಡಿಯಾರ ಮೂರೂ ಮಕ್ಕಳ ಕೈಗೇ. ಆಟದಲ್ಲಿ ಹಿಂದಿರುವ ಹುಡುಗಿ ಸಿಳ್ಳೆ ಊದಿ, ಕೈ ಎತ್ತಿ, ದೊಡ್ಡ ಹುಡುಗನಿಗೆ "ಔಟ್" ಅಂದು, ಅವನು ಎದುರಾಡದೆ ಹೊರಗೆ ನಡೆದರೆ ಆ ಒಂದು ಕ್ಷಣ ಹತ್ತು ಭಾಷಣಕ್ಕೆ ಸಮ. ಅದಕ್ಕೇ ತೀರ್ಪಿಗೆ ಎದುರಾಡಿದರೆ ಐದು ನಿಮಿಷ ಹೊರಗೆ ಅನ್ನುವ ನಿಯಮ ದೊಡ್ಡವರು ಕಟ್ಟುನಿಟ್ಟಾಗಿ ಪಾಲಿಸಬೇಕು.

60 ಮಕ್ಕಳಿಗೆ ಕನಿಷ್ಠ ಮೂವರು ದೊಡ್ಡವರು ಬೇಕು. ಒಬ್ಬರೇ ಸಿಳ್ಳೆ ಹಿಡಿದರೆ ಅದು ಆಟವಲ್ಲ, ಕುರಿ ಕಾಯುವುದು.

---

ಸಂಜೆಬಯಲು:

ತುಂಬ ಉಪಕಾರ ಆಯ್ತು. ಎರಡು ಸಣ್ಣ ಪ್ರಶ್ನೆ. ಅಂಕಣಕ್ಕೆ ಕಣದ ಹಾಗೆ ಸಗಣಿ ಸಾರಿಸಬಹುದಾ? ಹಿರಿಯರು ಅದೇ ಹೇಳ್ತಿದ್ದಾರೆ, ದೂಳು ಏಳಲ್ಲ ಅಂತ. ಖೋ ಖೋ ಕಂಬಕ್ಕೆ ಕಬ್ಬಿಣದ ಪೈಪ್ ನಡೆಯುತ್ತಾ?

---

ನೀಲಿ ಮಾತ್ರೆ:

ಸಗಣಿ ಬೇಡವೇ ಬೇಡ. ರಾಶಿ ಮಾಡುವ ಕಣ ಬೇರೆ, ಮೊಣಕಾಲು ತರಚುವ ಕಣ ಬೇರೆ. ದನಕರುಗಳ ಸಗಣಿಯಲ್ಲಿ ಧನುರ್ವಾಯು ರೋಗಾಣುವಿನ ಬೀಜಕಗಳು ಇರುತ್ತವೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ದೂಳಿಗೆ ನೀರೇ ಮದ್ದು: ಆಟಕ್ಕೆ ಒಂದು ಗಂಟೆ ಮುಂಚೆ 12×8 ಅಂಕಣಕ್ಕೆ ಹತ್ತು ಕೊಡ ಚಿಮುಕಿಸಿ, ಆಮೇಲೆ ಕುಂಟೆಯಂಥದ್ದರಿಂದ ಮೇಲಿನ ಒಂದೆರಡು ಸೆಂ.ಮೀ. ಸಡಿಲಿಸಿ. ಹಾಗೆಯೇ ರಾತ್ರಿ ದನ ನುಗ್ಗದಂತೆ ಬೇಲಿ ಇರಲಿ. ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ) ಚುಚ್ಚುಮದ್ದು 10 ಮತ್ತು 16ನೇ ವಯಸ್ಸಿಗೆ ಇದೆ. ಹೆಸರು ಬರೆದುಕೊಳ್ಳುವಾಗಲೇ ತಾಯಿ ಕಾರ್ಡ್ ತರಿಸಿ ನೋಡಿ, ಬಿಟ್ಟುಹೋದವರ ಪಟ್ಟಿ ಆಶಾ ಕಾರ್ಯಕರ್ತೆಗೆ ಕೊಡಿ.

ಆಟ ಶುರು ಮಾಡುವ ಮುಂಚೆ ಇನ್ನೊಂದು ಕೆಲಸ, ರಕ್ತ ಪರೀಕ್ಷೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 59.1 ಶೇಕಡಾ, ಹುಡುಗರಲ್ಲಿ 31.1 ಶೇಕಡಾ ರಕ್ತಹೀನತೆ ಕಂಡಿದೆ. ಎರಡು ಸುತ್ತು ಓಡಿ ಕೂರುವ ಹುಡುಗಿಗೆ "ಸೋಮಾರಿ" ಅನ್ನುವ ಮುಂಚೆ ಇದು ನೆನಪಿರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದರಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ಹೊಟ್ಟೆ ತೊಳಸುತ್ತದೆ ಅಂತ ಎಷ್ಟೋ ಮಕ್ಕಳು ಬಿಸಾಡುತ್ತಾರೆ. ಊಟದ ನಂತರ ತೆಗೆದುಕೊಂಡರೆ ತೊಂದರೆ ಕಡಿಮೆ. ಅದರ ಹಿಂದೆಮುಂದೆ ಒಂದು ಗಂಟೆ ಚಹಾ ಬೇಡ, ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ವಾರದ ಮಾತ್ರೆ ತಡೆಗಟ್ಟಲಿಕ್ಕೆ ಮಾತ್ರ. ಪರೀಕ್ಷೆಯಲ್ಲಿ ಕಡಿಮೆ ಬಂದವರಿಗೆ ಚಿಕಿತ್ಸೆಯ ಪ್ರಮಾಣ ವೈದ್ಯರೇ ಬರೆಯಬೇಕು.

ಆಟದ ಮುಂಚೆ ಏನಾದರೂ ಹೊಟ್ಟೆಗೆ ಬೀಳಲಿ. ಮಧ್ಯಾಹ್ನದ ಬಿಸಿಯೂಟ ಆಗಿ ನಾಲ್ಕು ತಾಸು ಆಗಿರುತ್ತದೆ. ಒಂದು ಹಿಡಿ ಹುರಿಗಡಲೆ, ಬೆಲ್ಲದ ಚೂರು, ಇಲ್ಲವೇ ಒಂದು ಬಾಳೆಹಣ್ಣು. 20 ನಿಮಿಷಕ್ಕೊಮ್ಮೆ ಕಡ್ಡಾಯ ನೀರು, ಒಂದು ಲೋಟ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಆಟ ಬಿಟ್ಟು ಬೆಳಿಗ್ಗೆ 6ರಿಂದ 7.15.

ಪೆಟ್ಟಾದರೆ: ಉಳುಕಿಗೆ ತಣ್ಣನೆ ಪಟ್ಟಿ 15 ನಿಮಿಷ, ಕಾಲು ಎತ್ತರದಲ್ಲಿ. ಎಣ್ಣೆ ಹಾಕಿ ತಿಕ್ಕಬೇಡಿ. ಮೊಣಕೈ ಊದಿ ಸೊಟ್ಟಗಾದರೆ ಯಾರೂ ಎಳೆಯಬಾರದು, ಅಲ್ಲಿ ನರ, ರಕ್ತನಾಳ ಎರಡೂ ಮೂಳೆಗೆ ಒತ್ತಿಕೊಂಡೇ ಹೋಗುತ್ತವೆ; ಇದ್ದ ಹಾಗೇ ರಟ್ಟು ಕಟ್ಟಿ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದು ಮಗು ಒಂದು ಕ್ಷಣ ಮಂಕಾದರೂ ಆ ದಿನ ಆಟ ಮುಗಿಯಿತು. ವೈದ್ಯರು ನೋಡುವ ತನಕ ಮತ್ತೆ ಇಳಿಸಬೇಡಿ. ಓಡುವಾಗಲೇ ತಲೆ ಸುತ್ತಿ ಬಿದ್ದ ಮಗುವನ್ನು ಹೃದಯ ಪರೀಕ್ಷೆ ಆಗದೆ ಇಳಿಸುವಂತಿಲ್ಲ.

---

ಟ್ಯೂಬ್‌ಲೆವೆಲ್:

ಕಂಬದ ಪ್ರಶ್ನೆಗೆ. ಖೋ ಖೋ ಕಂಬ ನೆಲದಿಂದ ಮೇಲೆ 120ರಿಂದ 125 ಸೆಂ.ಮೀ., ದಪ್ಪ 9ರಿಂದ 10 ಸೆಂ.ಮೀ. ಮರದ್ದೇ ಇರಲಿ. ಮಕ್ಕಳು ಓಡಿ ಬಂದು ಒಂದೇ ಕೈಯಲ್ಲಿ ಹಿಡಿದು ಮೈ ಚಾಚುತ್ತಾರೆ; ಪೈಪು ಬಿಸಿಲಿಗೆ ಕಾಯುತ್ತದೆ, ಬೆವರಿಗೆ ಜಾರುತ್ತದೆ. ಮೇಲ್ತುದಿ ದುಂಡಗೆ ಕೆತ್ತಿಸಿ. 60 ಸೆಂ.ಮೀ. ನೆಲದೊಳಗೆ, ಆ ಭಾಗಕ್ಕೆ ಗೆದ್ದಲು ಹಿಡಿಯದಂತೆ ಟಾರು. ಸುತ್ತ ಕಾಂಕ್ರೀಟ್ ಹಾಕುವುದಾದರೆ ನೆಲಕ್ಕಿಂತ 10 ಸೆಂ.ಮೀ. ಕೆಳಗೇ ನಿಲ್ಲಿಸಿ ಮೇಲೆ ಮಣ್ಣು ಮುಚ್ಚಿ. ಡೈವ್ ಹೊಡೆಯುವವರ ಮೊಣಕಾಲು ಬಡಿಯುವುದು ಸರಿಯಾಗಿ ಅಲ್ಲಿಗೇ.

ವಾಲಿಬಾಲ್‌ಗೆ ಮಾತ್ರ 3 ಇಂಚಿನ ಜಿ.ಐ. ಪೈಪ್, ಮೂರೂವರೆ ಮೀಟರ್ ಉದ್ದ. ನೆಲದಲ್ಲಿ 90 ಸೆಂ.ಮೀ. ಆಳಕ್ಕೆ 4 ಇಂಚಿನ ಪೈಪ್ ಹೂತು ಅದರೊಳಗೆ ಇಳಿಬಿಡಿ. ಜಾತ್ರೆ ಬಂದಾಗ ಕಿತ್ತಿಡಬಹುದು. ಹೂತ ಪೈಪಿನ ತಳಕ್ಕೆ ಜಲ್ಲಿ ಹಾಕದಿದ್ದರೆ ನೀರು ನಿಂತು ನೆಲಮಟ್ಟದಲ್ಲೇ ತುಕ್ಕು ಹಿಡಿಯುತ್ತದೆ. ಬಲೆಯ ಎತ್ತರ ಪುರುಷರಿಗೆ 2.43, ಮಹಿಳೆಯರಿಗೆ 2.24 ಮೀಟರ್, ಆದರೆ ಕಲಿಯುವ ಮಕ್ಕಳಿಗೆ 2 ಮೀಟರಿನ ಒಂದು ಕೊಕ್ಕೆಯೂ ಇರಲಿ.

---

ಗುಬ್ಬಿಗೂಡು:

ಹುಡುಗಿಯರು ಬಿಡುವುದಕ್ಕೆ "ಆಸಕ್ತಿ ಇಲ್ಲ" ಅನ್ನೋದು ಸುಳ್ಳು. ಕಾರಣಗಳು ಬಿಡಿಬಿಡಿಯಾಗಿವೆ, ಒಂದೊಂದಕ್ಕೂ ಬೇರೆ ಬೇರೆ ಉತ್ತರ.

ಹೊತ್ತು. ಹುಡುಗರು ಆಡಿ ಉಳಿದ ಹೊತ್ತು ಹುಡುಗಿಯರಿಗೆ ಅಂದರೆ ಕತ್ತಲಾಗುತ್ತದೆ, ಮನೆಯವರು ಕಳಿಸುವುದಿಲ್ಲ. 4.30ರ ಸರದಿ ಅವರಿಗೆ, 5.45ರ ಮೇಲಿನದು ದೊಡ್ಡ ಹುಡುಗರಿಗೆ. ಇದನ್ನು ಬಣ್ಣದಲ್ಲಿ ಗೋಡೆ ಮೇಲೆ ಬರೆಸಿ, ಬಾಯಿಮಾತಿನಲ್ಲಿ ಬಿಟ್ಟರೆ ಒಂದು ತಿಂಗಳಿಗೆ ಮಾಯ. ಶೌಚಾಲಯ. ಶಾಲೆ ಬಿಟ್ಟ ಮೇಲೆ ಬೀಗ ಹಾಕುತ್ತಾರೆ. ಕೀಲಿ ಯಾರ ಹತ್ತಿರ, ನೀರು ಯಾರು ತುಂಬಿಸುತ್ತಾರೆ, ಇದು ಚೆಂಡಿಗಿಂತ ಮುಂಚೆ ತೀರ್ಮಾನವಾಗಬೇಕು. ಒಂದು ಡಬ್ಬದಲ್ಲಿ ಪ್ಯಾಡ್ ಇರಲಿ, ಹುಡುಗಿಯರ ನಾಯಕಿಯ ಕೈಯಲ್ಲಿ. ಬಟ್ಟೆ. ಶಾರ್ಟ್ಸ್ ಹಾಕಿದರೇ ಆಟ ಅನ್ನಬೇಡಿ, ಟ್ರ್ಯಾಕ್ ಪ್ಯಾಂಟ್, ಉದ್ದ ಟಿ ಶರ್ಟ್ ಸಾಕು. ವೇಲು, ಬಳೆ, ಸರ ಮಾತ್ರ ಬಿಚ್ಚಿಡಬೇಕು. ಕಬಡ್ಡಿಯಲ್ಲಿ ಗಾಜಿನ ಬಳೆ ಎದುರಾಳಿಯ ಕಣ್ಣಿಗೂ ಅಪಾಯ.

ನೋಡುವವರು. ಬೇಲಿ ಮೇಲೆ ಕೂತು ಚೇಷ್ಟೆ ಮಾಡುವ ಪಡ್ಡೆಗಳಿಂದಲೇ ಅರ್ಧ ಹುಡುಗಿಯರು ಬಿಡೋದು. ಆ ಹೊತ್ತಿಗೆ ಅಲ್ಲಿ ತಾಯಂದಿರು ಕೂರಲು ನೆರಳಿನಲ್ಲಿ ಒಂದು ಕಟ್ಟೆ ಮಾಡಿ. ಸ್ವಸಹಾಯ ಸಂಘದ ವಾರದ ಸಭೆಯನ್ನು ಅಲ್ಲಿಗೇ ತಂದರೆ ಬೇರೆ ಕಾವಲು ಬೇಕಿಲ್ಲ. ಹುಡುಗಿಯರ ಸರದಿಗೆ ಒಬ್ಬ ಹೆಂಗಸು ಇರಲೇಬೇಕು. ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಇರಬಾರದು. ಬೈಕಿನಲ್ಲಿ ಬಿಡುವುದು, ಖಾಸಗಿ ಮೆಸೇಜು ಎರಡೂ ನಿಷಿದ್ಧ. ವಾಟ್ಸಾಪ್ ಗುಂಪು ಪಾಲಕರದ್ದು. 1098 ಮಕ್ಕಳ ಸಹಾಯವಾಣಿ ಸಂಖ್ಯೆ ಗೋಡೆ ಮೇಲಿರಲಿ.

ಆಟದ ಆಯ್ಕೆಯಲ್ಲಿ, ಮೊದಲ ಮೂರು ತಿಂಗಳು ಹುಡುಗಿಯರಿಗೆ ಖೋ ಖೋ ಇಟ್ಟುಕೊಳ್ಳಿ. ಮೈಮೇಲೆ ಬೀಳುವುದಿಲ್ಲ, ಮನೆಯವರ ತಕರಾರು ಕಡಿಮೆ. "ಇದರಿಂದ ಏನು ಬಂತು" ಅನ್ನುವವರಿಗೆ ಉತ್ತರವೂ ಇದೆ: 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದ ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು, ಅದೂ ಹಳ್ಳಿಯೇ. ಆದರೆ ಇದನ್ನು ಅತಿ ಮಾಡಬೇಡಿ. ಪದಕದ ಆಸೆ ಹುಟ್ಟಿಸಿದರೆ ಚುರುಕಾದ ಐದು ಮಕ್ಕಳ ಹಿಂದೆ ಎಲ್ಲರೂ ಬೀಳುತ್ತಾರೆ, ಉಳಿದ 55 ಮತ್ತೆ ಬೇಲಿ ಹೊರಗೆ.

---

ಬೆಣ್ಣಿಹಳ್ಳ:

ರೊಕ್ಕದ ಬಗ್ಗೆ ಯಾರೂ ಹೇಳಲಿಲ್ಲರಿ. ನೆಲ ಸಮ ಮಾಡೋದು, ಚರಂಡಿ ತೋಡೋದು ನಿಮ್ಮ 70 ಸಾವಿರದಾಗ ಮಾಡಬ್ಯಾಡ್ರಿ. ಆಟದ ಮೈದಾನ ನರೇಗಾದಾಗ ಮಾಡಬಹುದಾದ ಕೆಲಸ ಆಗಿತ್ತು; 2025ರ ಡಿಸೆಂಬರ್‌ನಾಗ ಅದರ ಬದಲಿಗೆ ಹೊಸ ಕಾಯ್ದೆ ಪಾಸಾಗೈತಿ, ಹಂಗಾಗಿ ಈಗ ಯಾವ ಯೋಜನೆಯಾಗ ಬರತೈತಿ ಅಂತ ಪಂಚಾಯ್ತಿಯಾಗ ಕೇಳ್ರಿ. ಗ್ರಾಮಸಭೆಯಾಗ ಹೆಸರು ಬರೆಸಿ ಕ್ರಿಯಾಯೋಜನೆಗೆ ಸೇರಿಸ್ರಿ. ನರೇಗಾದಾಗ ಕೂಲಿ 60, ಸಾಮಗ್ರಿ 40 ಅಂತ ಲೆಕ್ಕ ಇತ್ತು, ಅದಕ್ಕ ಅಗಿಯೋದು, ಹೊರೋದು, ಹರಡೋದು ಚಲೋ ಹೊಂದತಿತ್ತು. ಬಲೆ, ಚೆಂಡು ಹೊಂದತಿರಲಿಲ್ಲ. ಅವಸರಕ್ಕ ಬಿದ್ದು ಜೆಸಿಬಿ ತಂದು ಆಮ್ಯಾಲೆ ಕೂಲಿ ಬರೆಸಾಕ ಹೋದ್ರ ಬಿಲ್ ನಿಂತು ಬಿಡತೈತಿ. ಮತ್ತ ಮೊದಲ ಕೆಲಸ, ಜಾಗ ಪಂಚಾಯ್ತಿದು ಅನ್ನೋ ಕಾಗದ ಪಿಡಿಒ ಕಡೆಯಿಂದ ತಗೊಂಡು ಹದ್ದಬಸ್ತು (ಸರ್ವೆಯವರಿಂದ ಗಡಿ ಅಳಸೋದು) ಮಾಡಿಸ್ರಿ. ಅಂಕಣ ಆದಮ್ಯಾಲೆ ಬಾಜೂದವರು ಹದ್ದಿನ ತಕರಾರು ತೆಗೆದ್ರ ಮಕ್ಕಳು ನೋಡಕೋತ ನಿಲ್ಲಬೇಕಾಗತೈತಿ.

70 ಸಾವಿರದಾಗ 15 ಸಾವಿರ ಮುಟ್ಟಬ್ಯಾಡ್ರಿ. ಬಲೆ ಹರಿತೈತಿ, ಚೆಂಡು ಒಡಿತೈತಿ, ಮಳೆಗಾಲ ಮುಗಿದಮ್ಯಾಲೆ ಎರಡು ಟ್ರಿಪ್ ಮಣ್ಣು ಬೇಕs ಬೇಕು.

---

ಎರಡನೇ ಸಿಳ್ಳೆ:

ಅಳತೆಯ ಪ್ರಶ್ನೆ ಬಾಕಿ ಇತ್ತು. ಮೊದಲ ವಾರದಲ್ಲೇ ಅಳೆಯದಿದ್ದರೆ ಮುಂದಿನ ವರ್ಷ ತೋರಿಸಲು ಏನೂ ಇರುವುದಿಲ್ಲ. ಖೇಲೋ ಇಂಡಿಯಾ ಶಾಲಾ ಪರೀಕ್ಷೆಯಲ್ಲಿರುವುದನ್ನೇ ಬಳಸಿ: 50 ಮೀಟರ್ ಓಟ, 600 ಮೀಟರ್ ಓಟ-ನಡಿಗೆ, ಕೂತು ಮುಂದೆ ಬಾಗುವುದು, ಅರ್ಧ ಕರ್ಲ್ ಅಪ್ (ಅಂಗಾತ ಮಲಗಿ ಭುಜ ಮೇಲೆತ್ತುವುದು). 600 ಮೀಟರಿಗೆ ಬದಿ ಸಾಲಿನಿಂದ ಎರಡೂವರೆ ಮೀಟರ್ ಒಳಗೆ 40 ಮೀಟರ್ ಚೌಕಕ್ಕೆ ನಾಲ್ಕು ಗೂಟ ಹೊಡೆದರೆ ಒಂದು ಸುತ್ತು 160 ಮೀಟರ್. ಮೂರು ಸುತ್ತು, ಮುಕ್ಕಾಲು ಸುತ್ತು. 50 ಮೀಟರ್ ಮಾತ್ರ ನಿಮ್ಮ ಚೌಕದಲ್ಲಿ ಕರ್ಣದ ಮೇಲೆ ಓಡಿಸಬೇಕು, ನಿಲ್ಲಲು ಜಾಗ ಉಳಿಯುವ ಹಾಗೆ. ಆರು ತಿಂಗಳಿಗೊಮ್ಮೆ, ಅದೇ ಹೊತ್ತಿನಲ್ಲಿ, ಅದೇ ನೆಲದಲ್ಲಿ.

ಒಂದು ಎಚ್ಚರ. ಮಕ್ಕಳು ಬೆಳೆಯುತ್ತಾರೆ, ಏನೂ ಮಾಡದಿದ್ದರೂ ವರ್ಷದಲ್ಲಿ ಒಂದಿಷ್ಟು ಜೋರಾಗಿ ಓಡುತ್ತಾರೆ. ಅದಕ್ಕೇ ಆಟಕ್ಕೆ ಬಾರದ ಹತ್ತಿಪ್ಪತ್ತು ಮಕ್ಕಳನ್ನೂ ಶಾಲೆಯಲ್ಲಿ ಅದೇ ದಿನ ಅಳೆದಿಡಿ. ಎರಡು ಗುಂಪಿನ ವ್ಯತ್ಯಾಸ ನಿಮ್ಮ ಮೈದಾನದ ಕೆಲಸಕ್ಕೆ ಹತ್ತಿರದ ಅಂದಾಜು. ತೂಕ ಅಳೆದರೆ ಜೋರಾಗಿ ಓದಬೇಡಿ, ಚೀಟಿಯಲ್ಲಿ ಬರೆದು ಮಗುವಿಗಷ್ಟೇ ಕೊಡಿ.

ಧೈರ್ಯಕ್ಕೆ ಉದ್ದ ಪ್ರಶ್ನಾವಳಿ ಕೊಟ್ಟರೆ ಮಕ್ಕಳು ಮೇಷ್ಟ್ರಿಗೆ ಖುಷಿಯಾಗುವ ಉತ್ತರ ಬರೆಯುತ್ತಾರೆ. ಕಣ್ಣಿಗೆ ಕಾಣುವುದನ್ನು ಎಣಿಸಿ. ತಿಂಗಳಲ್ಲಿ ಎಷ್ಟು ಮಕ್ಕಳು ತಾವಾಗಿ ಸಿಳ್ಳೆ ಕೇಳಿ ಪಡೆದರು, ಎಷ್ಟು ಜನ ಮೊದಲ ಬಾರಿ ರೈಡ್ ಹೋದರು, ಒಮ್ಮೆ ಬಿಟ್ಟವರಲ್ಲಿ ಎಷ್ಟು ಜನ ಮರಳಿದರು. ಎಲ್ಲಕ್ಕಿಂತ ಗಟ್ಟಿ ಅಂಕಿ ಹಾಜರಿ ಪುಸ್ತಕ, ಹುಡುಗ ಹುಡುಗಿ ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕು ಚಟುವಟಿಕೆ ಹೇಳುತ್ತದೆ; ನಿಮ್ಮ 40 ನಿಮಿಷದ ಜೊತೆ ನಡೆದು ಬರುವುದು, ಶಾಲೆಯ ಪಿ.ಟಿ. ಸೇರಿದರೆ ಆ ಗೆರೆ ಮುಟ್ಟುತ್ತದೆ, ಆದರೆ ಬಂದ ದಿನ ಮಾತ್ರ.

---

ಸಂಜೆಬಯಲು:

ಎಲ್ಲ ಬರೆದುಕೊಂಡೆ. ಹದ್ದಬಸ್ತಿಗೆ ಸೋಮವಾರ ಅರ್ಜಿ ಕೊಡ್ತೀವಿ. ಕೊನೆಯದೊಂದು, ಗೆರೆಗೆ ಸುಣ್ಣದ ಪುಡಿ ಸಾಕಲ್ವಾ?

---

ನೀಲಿ ಮಾತ್ರೆ:

ಸುಣ್ಣ ಬೇಡ. ಬಿದ್ದ ಮಗುವಿನ ಕಣ್ಣಿಗೆ ಹೋದರೆ ಸುಡುತ್ತದೆ. ರಂಗೋಲಿ ಪುಡಿ ಹಾಕಿ. ಎರಡು ರೀಪಿನ ನಡುವೆ 5 ಸೆಂ.ಮೀ. ಸಂದು ಬಿಟ್ಟು ಒಳಗೆ ಸುರಿದರೆ ಗೆರೆ ನೇರ ಬರುತ್ತದೆ. 12×8 ಅಂಕಣಕ್ಕೆ ನಡುಗೆರೆಯಿಂದ ಬಾಕ್ ಲೈನ್ (ರೈಡ್ ಹೋದವರು ದಾಟಬೇಕಾದ ಗೆರೆ) 3 ಮೀಟರ್, ಬೋನಸ್ ಲೈನ್ (ಹೆಚ್ಚುವರಿ ಅಂಕದ ಗೆರೆ) 4. ಪ್ಲಾಸ್ಟಿಕ್ ಪಟ್ಟಿ, ಮೊಳೆ ಯಾರಾದರೂ ತಂದುಕೊಟ್ಟರೆ ವಾಪಸ್ ಕಳಿಸಿ. ಮಣ್ಣು ಸವೆದ ಮೇಲೆ ಮೊಳೆ ಮೇಲೆ ಬರುತ್ತದೆ.